ಹಳೆಯ ಕಂಪ್ಯೂಟರ್ ಕಪ್ಪು ಸ್ಕ್ರೀನಿನ ಕಮಾಂಡ್ ಪ್ರಾಂಪ್ಟ್‌ನಲ್ಲೇ ನಿಂತರೆ: ಮೊದಲು ಏನು, ಆಮೇಲೆ ಏನು

ಆನ್ ಬಟನ್ ಒತ್ತಿದಿರಿ. ಫ್ಯಾನ್ ತಿರುಗಿತು, ಕಂಪನಿಯ ಲೋಗೋ ಬಂತು. ಆಮೇಲೆ ಡೆಸ್ಕ್‌ಟಾಪ್ ಬರಲೇ ಇಲ್ಲ. ಕಪ್ಪು ಸ್ಕ್ರೀನ್, ಎಡ ಮೂಲೆಯಲ್ಲಿ ನಾಲ್ಕೈದು ಬಿಳಿ ಅಕ್ಷರ, ಪಕ್ಕದಲ್ಲಿ ಮಿಣುಕುವ ಒಂದು ಗೆರೆ. ಕಮಾಂಡ್, ಅಂದರೆ ಟೈಪ್ ಮಾಡುವ ಆದೇಶಕ್ಕಾಗಿ ಕಾಯುವ ಈ ಸಾಲೇ ಕಮಾಂಡ್ ಪ್ರಾಂಪ್ಟ್. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ.

ಇದನ್ನು ಸರಿಮಾಡಲು ಕೂತವರು ಹೆಚ್ಚಾಗಿ ಒಂದೇ ಕಡೆ ಎಡವುತ್ತಾರೆ. ಆ ನಾಲ್ಕೈದು ಅಕ್ಷರ ಏನು ಅಂತ ಓದುವುದಿಲ್ಲ. ಬೇರೆ ಯಾರದೋ ಕಂಪ್ಯೂಟರ್‌ಗೆ ಹೊಂದಿದ ಕಮಾಂಡನ್ನು ತಂದು ತಮ್ಮದರಲ್ಲಿ ಟೈಪ್ ಮಾಡುತ್ತಾರೆ. ಸಿ:\> ಎಂದು ನಿಂತ ಕಂಪ್ಯೂಟರ್‌ನ ತೊಂದರೆಯೇ ಬೇರೆ, ಎಕ್ಸ್:\ ಎಂದು ನಿಂತದ್ದರ ತೊಂದರೆಯೇ ಬೇರೆ. ಎರಡಕ್ಕೂ ಒಂದೇ ಔಷಧಿ ಕೊಟ್ಟರೆ ಇದ್ದ ಕಾಯಿಲೆ ಜಾಸ್ತಿ ಆಗುತ್ತದೆ. ಹಾಗಾಗಿ ಇಲ್ಲಿ ಕಮಾಂಡ್‌ಗಳಿಗಿಂತ ಅವುಗಳ ಕ್ರಮಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ.

ಕಮಾಂಡ್‌ಗಳ ಬಗ್ಗೆ ಒಂದು ಮಾತು. ಒತ್ತಬೇಕಾದ ಇಂಗ್ಲಿಷ್ ಅಕ್ಷರಗಳನ್ನು ಸಿ-ಎಚ್-ಕೆ-ಡಿ-ಎಸ್-ಕೆ ಎಂಬಂತೆ ಬಿಡಿಬಿಡಿಯಾಗಿ ಬರೆದಿದ್ದೇನೆ. ಅಕ್ಷರಗಳ ನಡುವಿನ ಅಡ್ಡಗೆರೆ ಓದಲು ಮಾತ್ರ, ಅದನ್ನು ಒತ್ತಬೇಡಿ. ಪದಗಳ ನಡುವೆ ಜಾಗ ಬಿಟ್ಟಿರುವಲ್ಲಿ ಸ್ಪೇಸ್ ಒತ್ತಿ. /, \, : ಚಿಹ್ನೆಗಳನ್ನು ಇದ್ದ ಹಾಗೆ ಹಾಕಿ. ಪ್ರತಿ ಕಮಾಂಡ್ ಆದಮೇಲೆ ಎಂಟರ್.

## ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕಾದವು

- ಸ್ಕ್ರೀನಿನ ಫೋಟೋ ತೆಗೆಯಲು ಮೊಬೈಲ್
- ಫೈಲ್‌ಗಳನ್ನು ಉಳಿಸಲು ಖಾಲಿ ಪೆನ್‌ಡ್ರೈವ್ ಅಥವಾ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್
- ಬೂಟ್ ಮಾಡಲು, ಅಂದರೆ ಕಂಪ್ಯೂಟರ್ ಶುರು ಮಾಡಲು, ಇನ್ನೊಂದು ಪೆನ್‌ಡ್ರೈವ್ ಅಥವಾ ಡಿವಿಡಿ. ಇದರಲ್ಲಿ ನಿಮ್ಮ ವಿಂಡೋಸ್‌ನ ಇನ್‌ಸ್ಟಾಲ್ ಡಿಸ್ಕ್ ಇರಲಿ, ಇಲ್ಲವೇ ಹಗುರವಾದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ನಡೆಯುವ, ವಿಂಡೋಸ್‌ನಂಥದೇ ಇನ್ನೊಂದು ಸಿಸ್ಟಮ್) ಇರಲಿ
- ಸ್ಕ್ರೂಡ್ರೈವರ್, ಮೆತ್ತನೆಯ ಬ್ರಷ್
- ಸಿಆರ್2032 ನಾಣ್ಯದ ಸೆಲ್ ಒಂದು
- ಬೇರೆ ಕೀಬೋರ್ಡ್. ತುಂಬಾ ಹಳೆಯ ಮೆಷಿನ್ ಆದರೆ ದುಂಡು ಪಿನ್ನಿನ ಪಿಎಸ್/2 ಕೀಬೋರ್ಡ್ ಒಳ್ಳೆಯದು

ಕೀಬೋರ್ಡ್ ಯಾಕೆ ಅಂದರೆ, ಡಾಸ್ (ವಿಂಡೋಸ್‌ಗೂ ಹಿಂದಿನ, ಬರೀ ಕಮಾಂಡ್‌ನಲ್ಲಿ ನಡೆಯುವ ಸಿಸ್ಟಮ್) ಕಾಲದ ಮೆಷಿನ್‌ಗಳಲ್ಲಿ ಯುಎಸ್‌ಬಿ ಕೀಬೋರ್ಡ್ ಕೆಲಸ ಮಾಡಬೇಕಾದರೆ ಬಯಾಸ್‌ನಲ್ಲಿ (ಆನ್ ಮಾಡಿದ ಕೂಡಲೇ ಮೊದಲು ಓಡುವ, ಮದರ್‌ಬೋರ್ಡ್‌ನ ಒಳಗಿನ ಪ್ರೋಗ್ರಾಂ) "ಯುಎಸ್‌ಬಿ ಲೆಗಸಿ ಸಪೋರ್ಟ್" ಆನ್ ಇರಬೇಕು. ಅದು ಆಫ್ ಆಗಿದ್ದರೆ ಪ್ರಾಂಪ್ಟ್ ಕಾಣುತ್ತದೆ, ಟೈಪ್ ಮಾಡಿದ್ದು ಮಾತ್ರ ಬೀಳುವುದಿಲ್ಲ. ಆಗ ಕಂಪ್ಯೂಟರ್ ಹ್ಯಾಂಗ್ ಆಗಿದೆ ಅಂತ ತಪ್ಪು ತಿಳಿಯುವವರು ಬಹಳ.

## ಹಂತ 1: ಏನೂ ಒತ್ತದೆ ಸ್ಕ್ರೀನ್ ಓದಿ

ಮೊದಲು ಸ್ಕ್ರೀನಿನ ಫೋಟೋ ತೆಗೆಯಿರಿ. ಕೊನೆಯ ಸಾಲು ಮಾತ್ರ ಸಾಲದು, ಅದರ ಮೇಲಿನ ಸಾಲುಗಳೂ ಬೇಕು. ಆಮೇಲೆ ಮಿಣುಕುವ ಗೆರೆಯ ಎಡಕ್ಕೆ ಏನಿದೆ ನೋಡಿ.

ಎ:\> ಇದ್ದರೆ ಫ್ಲಾಪಿಯಿಂದ, ಇಲ್ಲವೇ ಫ್ಲಾಪಿಯಂತೆ ನಟಿಸುವ ಸಿಡಿ ಅಥವಾ ಪೆನ್‌ಡ್ರೈವ್‌ನಿಂದ ಬೂಟ್ ಆಗಿದೆ. ಹಾರ್ಡ್ ಡಿಸ್ಕ್‌ನ ಸರದಿಯೇ ಬಂದಿಲ್ಲ.

ಸಿ:\> ಮಾತ್ರ ಇದ್ದರೆ ಅದು ಡಾಸ್. ವಿಂಡೋಸ್ 95 ಅಥವಾ 98 ಇರುವ ಮೆಷಿನ್‌ನಲ್ಲಿ ಹೀಗಾದರೆ ಹಾರ್ಡ್ ಡಿಸ್ಕ್ ಬೂಟ್ ಆಗಿದೆ, ವಿಂಡೋಸ್ ಮಾತ್ರ ಏಳಲಿಲ್ಲ ಎಂದರ್ಥ.

ಸಿ:\ವಿಂಡೋಸ್> ಇದ್ದು, ಅದಕ್ಕೂ ಮೊದಲು ಯಾವ ವಿಂಡೋಸ್‌ಗೆ ಲಾಗಾನ್ ಆಗಬೇಕು ಎಂದು ನಂಬರ್ ಕೇಳಿದ್ದರೆ, ಅದು ವಿಂಡೋಸ್ ಎಕ್ಸ್‌ಪಿಯ ರಿಪೇರಿ ಪ್ರಾಂಪ್ಟ್, ಹೆಸರು ರಿಕವರಿ ಕನ್ಸೋಲ್.

ಎಕ್ಸ್:\ವಿಂಡೋಸ್\ಸಿಸ್ಟಮ್32> ಅಥವಾ ಎಕ್ಸ್:\ಸೋರ್ಸಸ್> ಇದ್ದರೆ ನೀವು ವಿಂಡೋಸ್ 7, 8, 10ರ ರಿಪೇರಿ ಕೋಣೆಯಲ್ಲಿದ್ದೀರಿ. ನಿಮ್ಮ ನಿಜವಾದ ವಿಂಡೋಸ್ ಇನ್ನೂ ಶುರುವೇ ಆಗಿಲ್ಲ.

ಸ್ಕ್ರೀನಿನ ನಾಲ್ಕು ಮೂಲೆಯಲ್ಲಿ "ಸೇಫ್ ಮೋಡ್" ಎಂದು ಇದ್ದು ನಡುವೆ ಒಂದು ಕಪ್ಪು ಕಿಟಕಿ ಇದ್ದರೆ ಅದು ಕಮಾಂಡ್ ಪ್ರಾಂಪ್ಟ್ ಇರುವ ಸೇಫ್ ಮೋಡ್. ವಿಂಡೋಸ್ ಬದುಕಿದೆ. ಇದಕ್ಕಿಂತ ಸಮಾಧಾನದ ಸುದ್ದಿ ಈ ಪಟ್ಟಿಯಲ್ಲಿ ಇಲ್ಲ.

ಗ್ರಬ್>, ಗ್ರಬ್ ರೆಸ್ಕ್ಯೂ> ಅಥವಾ (ಇನಿಟ್‌ರಾಮ್‌ಎಫ್‌ಎಸ್) ಇದ್ದರೆ ಅದು ಲಿನಕ್ಸ್ (ಗ್ರಬ್ ಎಂಬುದು ಲಿನಕ್ಸನ್ನು ಶುರು ಮಾಡಿಸುವ ಪ್ರೋಗ್ರಾಂ). ಶೆಲ್> ಎಂದು ಮಾತ್ರ ಇದ್ದರೆ ಮದರ್‌ಬೋರ್ಡ್‌ನ ಒಳಗಿನ ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಶೆಲ್. ಬೂಟ್ ಮಾಡಲು ಏನೂ ಸಿಗದೆ ಅದು ಅಲ್ಲಿಗೆ ಬಂದು ನಿಂತಿದೆ.

ಇವು ಯಾವುದೂ ಅಲ್ಲ, ಬರೀ "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್", "ಬೂಟ್‌ಎಂಜಿಆರ್ ಈಸ್ ಮಿಸ್ಸಿಂಗ್", "ಆಪರೇಟಿಂಗ್ ಸಿಸ್ಟಮ್ ನಾಟ್ ಫೌಂಡ್" ಎಂಬ ಸಾಲು ಇದೆಯಾ? ಅದು ಪ್ರಾಂಪ್ಟ್ ಅಲ್ಲ, ಅಲ್ಲಿ ಟೈಪ್ ಮಾಡಿ ಪ್ರಯೋಜನವಿಲ್ಲ. ಆದರೂ ಹಂತ 2 ಮತ್ತು 3 ನಿಮಗೂ ಅನ್ವಯಿಸುತ್ತವೆ.

## ಹಂತ 2: ಹೊರಗೆ ಚುಚ್ಚಿದ್ದನ್ನೆಲ್ಲ ತೆಗೆಯಿರಿ

ಕಂಪ್ಯೂಟರ್ ಆಫ್ ಮಾಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್, ಎಕ್ಸ್‌ಟರ್ನಲ್ ಡಿಸ್ಕ್, ಪ್ರಿಂಟರ್, ಟ್ರೇಯಲ್ಲಿರುವ ಸಿಡಿ, ಡ್ರೈವ್‌ನಲ್ಲಿರುವ ಫ್ಲಾಪಿ ಎಲ್ಲ ತೆಗೆಯಿರಿ. ಮಾನಿಟರ್, ಕೀಬೋರ್ಡ್, ಪವರ್ ಇಷ್ಟೇ ಇರಲಿ. ಈಗ ಆನ್ ಮಾಡಿ.

ಸುಮ್ನೆ ಹೇಳುತ್ತಿರುವ ಮಾತಲ್ಲ ಇದು. ಒಂದು ಮೆಷಿನ್ ನನ್ನ ಮುಂದೆ ಎರಡು ಗಂಟೆ ಎ:\> ಎಂದು ನಿಂತಿತ್ತು. ಫ್ಲಾಪಿ ಡ್ರೈವ್ ಖಾಲಿ, ಸಿಡಿ ಟ್ರೇ ಖಾಲಿ. ಕೊನೆಗೆ ಕ್ಯಾಬಿನೆಟ್ ತಿರುಗಿಸಿ ಹಿಂದೆ ಟಾರ್ಚ್ ಹಿಡಿದಾಗ, ಯುಎಸ್‌ಬಿ ಪೋರ್ಟ್‌ನೊಳಗೆ ಉಗುರಿನಷ್ಟೇ ಉದ್ದದ ಕಪ್ಪು ಪೆನ್‌ಡ್ರೈವ್ ಧೂಳು ಮುಚ್ಚಿಕೊಂಡು ಕೂತಿತ್ತು. ಯಾವಾಗಲೋ ಬಯಾಸ್ ಅಪ್‌ಡೇಟ್ ಮಾಡಲು ಹಾಕಿದ ಡಾಸ್ ಡಿಸ್ಕ್ ಅದು. ತೆಗೆದ ಕೂಡಲೇ ವಿಂಡೋಸ್ ಬಂತು. ಹಾಗಾಗಿ ಹಿಂಬದಿಯ ಪೋರ್ಟ್‌ಗಳನ್ನು ಕೈಯಿಂದ ಸವರಿ ನೋಡಿ.

ಇನ್ನೊಂದು, ಕೀಬೋರ್ಡ್. ಎಫ್8 ಕೀ ಒಳಗೇ ಸಿಕ್ಕಿಕೊಂಡಿದ್ದರೆ ಹಳೆಯ ವಿಂಡೋಸ್ ಪ್ರತಿ ಸಲವೂ ಬೂಟ್ ಮೆನುಗೆ ಹೋಗುತ್ತದೆ. ಬೇರೆ ಕೀಬೋರ್ಡ್ ಹಾಕಿ ಒಮ್ಮೆ ನೋಡಿ.

## ಹಂತ 3: ಬಯಾಸ್ ಮತ್ತು ಒಳಗಿನ ಸೆಲ್

ಆನ್ ಮಾಡುತ್ತಲೇ ಡಿಲೀಟ್, ಎಫ್2 ಅಥವಾ ಎಫ್10 ಒತ್ತುತ್ತಾ ಇದ್ದರೆ ಬಯಾಸ್ ತೆರೆಯುತ್ತದೆ. ಯಾವ ಕೀ ಎಂದು ಮೊದಲ ಸ್ಕ್ರೀನಿನ ಕೆಳಗಡೆ ಬರೆದಿರುತ್ತದೆ. ಒಳಗೆ ಹೋದಮೇಲೆ ನಾಲ್ಕು ಸಂಗತಿ ನೋಡಿ. ಯಾವುದನ್ನೂ ಬದಲಿಸುವ ಮೊದಲು ಪ್ರತಿ ಪುಟದ ಫೋಟೋ ತೆಗೆಯಿರಿ.

1. ತಾರೀಖು. ಹತ್ತಾರು ವರ್ಷ ಹಿಂದಿನ ತಾರೀಖು ತೋರಿಸುತ್ತಿದ್ದರೆ ಮದರ್‌ಬೋರ್ಡ್‌ನ ಸೆಲ್ ಸತ್ತಿದೆ. ಇದು 3 ವೋಲ್ಟ್‌ನ ಸಿಆರ್2032. ಸೆಲ್ ಸತ್ತರೆ ತಾರೀಖಿನ ಜೊತೆ ಉಳಿದ ಸೆಟ್ಟಿಂಗ್‌ಗಳೂ ಮೊದಲಿನಂತಾಗುತ್ತವೆ. ತೊಂದರೆಯ ಬೇರು ಎಷ್ಟೋ ಸಲ ಇಲ್ಲೇ ಇರುತ್ತದೆ.
2. ಹಾರ್ಡ್ ಡಿಸ್ಕ್ ಕಾಣುತ್ತಿದೆಯಾ? ಡಿಸ್ಕ್‌ನ ಹೆಸರು ಮತ್ತು ಸೈಜ್ ಕಾಣಬೇಕು. ಕಾಣದಿದ್ದರೆ ಯಾವ ಕಮಾಂಡೂ ಕೆಲಸಕ್ಕೆ ಬರುವುದಿಲ್ಲ. ನೇರವಾಗಿ ಹಂತ 4ಕ್ಕೆ ಹೋಗಿ.
3. ಬೂಟ್ ಆರ್ಡರ್. ಹಾರ್ಡ್ ಡಿಸ್ಕ್ ಮೊದಲು ಬರಲಿ. ಎರಡು ಡಿಸ್ಕ್ ಇದ್ದರೆ ವಿಂಡೋಸ್ ಇರುವ ಡಿಸ್ಕ್ ಮುಂದೆ ಇರಬೇಕು. ಕೆಲವು ಬಯಾಸ್‌ಗಳಲ್ಲಿ ಇದಕ್ಕೆ "ಹಾರ್ಡ್ ಡಿಸ್ಕ್ ಪ್ರಯಾರಿಟಿ" ಎಂಬ ಬೇರೆ ಪುಟವೇ ಇರುತ್ತದೆ. ಅದು ಕಣ್ಣು ತಪ್ಪುವುದು ಸುಲಭ.
4. ಸಾಟಾ ಮೋಡ್, ಅಂದರೆ ಮದರ್‌ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ. ಐಡಿಇ, ಎಎಚ್‌ಸಿಐ, ರೇಡ್ ಎಂಬ ಆಯ್ಕೆ ಇರುತ್ತದೆ. ವಿಂಡೋಸ್ ಹಾಕಿದಾಗ ಯಾವುದಿತ್ತೋ ಅದೇ ಇರಬೇಕು. ಸೆಲ್ ಸತ್ತಾಗ ಇದು ಬದಲಾದರೆ ವಿಂಡೋಸ್ ನೀಲಿ ಸ್ಕ್ರೀನ್ ತೋರಿಸಿ, ಸುತ್ತಿ ಸುತ್ತಿ ರಿಪೇರಿ ಪ್ರಾಂಪ್ಟ್‌ಗೇ ಬರುತ್ತದೆ. ತಾರೀಖು ಸರಿಯಾಗಿದ್ದರೆ ಇದನ್ನು ಮುಟ್ಟಬೇಡಿ. ತಾರೀಖು ಹಿಂದೆ ಹೋಗಿದ್ದರೆ ಮಾತ್ರ ಇನ್ನೊಂದು ಆಯ್ಕೆ ಹಾಕಿ ನೋಡಿ. ಪ್ರಯೋಜನ ಆಗದಿದ್ದರೆ ಹಿಂದಿನದಕ್ಕೇ ತನ್ನಿ.

ಸೆಲ್ ಬದಲಿಸುವಾಗ ಪವರ್ ಕೇಬಲ್ ಪೂರ್ತಿ ಕಿತ್ತಿರಬೇಕು. ಕಿತ್ತ ಮೇಲೆ ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಸೆಲ್‌ನ ಪಕ್ಕದ ಕ್ಲಿಪ್ಪನ್ನು ಮೆಲ್ಲಗೆ ಒತ್ತಿದರೆ ಸೆಲ್ ಮೇಲೆದ್ದು ಬರುತ್ತದೆ. ಪ್ಲಸ್ ಗುರುತು ಮೇಲಕ್ಕೆ ಇರಲಿ.

## ಹಂತ 4: ಡಿಸ್ಕ್ ಆರೋಗ್ಯವಾಗಿದೆಯಾ? ಕಿವಿಗೊಡಿ

ಇದು ಹೆಚ್ಚಿನವರು ಹಾರಿಸುವ ಹಂತ. ಹಾರಿಸಿದ್ದಕ್ಕೆ ಬೆಲೆ ಕೊಡುವುದೂ ಇಲ್ಲೇ.

ಕ್ಯಾಬಿನೆಟ್ ಬಾಗಿಲು ತೆಗೆದು, ಆನ್ ಮಾಡಿ, ಡಿಸ್ಕ್ ಹತ್ತಿರ ಕಿವಿ ಇಡಿ. ಸಣ್ಣಗೆ ಗುಯ್ ಅನ್ನುವುದು, ನಡುನಡುವೆ ಕರಕರ ಅನ್ನುವುದು ಸಹಜ. ಒಂದೇ ತಾಳದಲ್ಲಿ ಟಕ್, ಟಕ್, ಟಕ್ ಅನ್ನುತ್ತಿದ್ದರೆ ಡಿಸ್ಕ್‌ನ ಹೆಡ್ ಜಾಗ ಸಿಗದೆ ತಡಕಾಡುತ್ತಿದೆ. ಕೂಡಲೇ ಆಫ್ ಮಾಡಿ.

ಎಚ್ಚರಿಕೆಯ ಉಳಿದ ಗುರುತುಗಳು: ಬಯಾಸ್‌ನಲ್ಲಿ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಕಾಣುವುದಿಲ್ಲ. ಫೋಲ್ಡರ್ ಪಟ್ಟಿ ಬರಲು ನಿಮಿಷಗಟ್ಟಲೆ ಹಿಡಿಯುತ್ತದೆ. ಆನ್ ಮಾಡುವಾಗ "ಸ್ಮಾರ್ಟ್" ಎಂಬ ಪದದ ಜೊತೆ "ಬ್ಯಾಡ್" ಅಥವಾ "ಫೇಲ್ಯೂರ್" ಬರುತ್ತದೆ.

ಡಿಸ್ಕ್ ಕಾಣದೇ ಇದ್ದರೆ ಪವರ್ ಕಿತ್ತು, ಎರಡೂ ಕೇಬಲ್ ತೆಗೆದು ಮತ್ತೆ ಗಟ್ಟಿಯಾಗಿ ಹಾಕಿ. ಚಪ್ಪಟೆ ಅಗಲ ಕೇಬಲ್ ಇರುವ ಐಡಿಇ ಡಿಸ್ಕ್ ಆದರೆ 40 ಪಿನ್‌ಗಳಲ್ಲಿ ಒಂದೂ ಬಗ್ಗಿರಬಾರದು. ಹಿಂದಿನ ಮಾಸ್ಟರ್-ಸ್ಲೇವ್ ಜಂಪರ್ ಜಾಗದಲ್ಲೇ ಇರಬೇಕು. ಸಾಟಾ ಆದರೆ ಬೇರೆ ಕೇಬಲ್ ಹಾಕಿ, ಮದರ್‌ಬೋರ್ಡ್‌ನ ಇನ್ನೊಂದು ಪೋರ್ಟ್‌ಗೆ ಚುಚ್ಚಿ ನೋಡಿ. ಇದೇ ಕೈಯಲ್ಲಿ ರ‍್ಯಾಮ್ ಕಡ್ಡಿಗಳನ್ನೂ ತೆಗೆದು, ಧೂಳು ಒರೆಸಿ, ಕ್ಲಿಪ್ ಕಟ್ ಎನ್ನುವವರೆಗೆ ಒತ್ತಿ ಕೂರಿಸಿ.

## ಹಂತ 5: ಫೈಲ್‌ಗಳನ್ನು ಮೊದಲು ಹೊರಗೆ ತೆಗೆಯಿರಿ

ರಿಪೇರಿ ಆಮೇಲೆ. ಫೋಟೋ, ದಾಖಲೆ, ಲೆಕ್ಕಪತ್ರ ಮೊದಲು.

ಈ ಕ್ರಮವನ್ನು ನಾನು ಕಲಿತದ್ದು ಕಷ್ಟದ ದಾರಿಯಲ್ಲಿ. ಪರಿಚಯದ ಮನೆಯೊಂದರ ಕಂಪ್ಯೂಟರ್‌ಗೆ, ಸದ್ದು ಕೇಳಿಸಿಕೊಳ್ಳದೆ, ರಾತ್ರಿ ಚೆಕ್‌ಡಿಸ್ಕ್ (ಡಿಸ್ಕ್ ಪರೀಕ್ಷಿಸುವ ಸಿ-ಎಚ್-ಕೆ-ಡಿ-ಎಸ್-ಕೆ ಕಮಾಂಡ್) ಹಾಕಿ ಮಲಗಿದೆ. ಸಾಯುತ್ತಿರುವ ಡಿಸ್ಕ್‌ನ ಮೂಲೆಮೂಲೆಯನ್ನೂ ಅದು ಓದಿಸಿತು. ಬೆಳಿಗ್ಗೆ ಬಯಾಸ್‌ನಲ್ಲಿ ಡಿಸ್ಕ್ ಇರಲಿಲ್ಲ. ಆ ಮನೆಯ ಮಗುವಿನ ಮೊದಲ ಎರಡು ವರ್ಷದ ಫೋಟೋಗಳು ಅದರಲ್ಲೇ ಇದ್ದವು. ಮೊದಲು ಕಾಪಿ ಮಾಡಿದ್ದರೆ ಬಹುಪಾಲು ಉಳಿಯುತ್ತಿದ್ದವು ಎಂದು ಇವತ್ತಿಗೂ ಅನಿಸುತ್ತದೆ.

ಎಕ್ಸ್:\ ಪ್ರಾಂಪ್ಟ್ ಇದ್ದರೆ ಸುಲಭದ ದಾರಿಯೊಂದಿದೆ. ಪೆನ್‌ಡ್ರೈವ್ ಚುಚ್ಚಿ, ಎನ್-ಒ-ಟಿ-ಇ-ಪಿ-ಎ-ಡಿ ಎಂದು ಟೈಪ್ ಮಾಡಿ. ನೋಟ್‌ಪ್ಯಾಡ್ ತೆರೆಯುತ್ತದೆ. ಅದರಲ್ಲಿ ಫೈಲ್, ಓಪನ್ ಒತ್ತಿ. ಕೆಳಗೆ "ಟೆಕ್ಸ್ಟ್ ಡಾಕ್ಯುಮೆಂಟ್ಸ್" ಇರುವಲ್ಲಿ "ಆಲ್ ಫೈಲ್ಸ್" ಆರಿಸಿ. ಈಗ ಆ ಚಿಕ್ಕ ಕಿಟಕಿಯಲ್ಲೇ ನಿಮ್ಮ ಡ್ರೈವ್‌ಗಳು, ಯೂಸರ್ಸ್ ಫೋಲ್ಡರ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್ ಕಾಣುತ್ತವೆ. ಬೇಕಾದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ ಕೊಡಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್ ಮಾಡಿ. ಕಾಪಿ ಎಷ್ಟಾಯಿತು ಎಂದು ತೋರಿಸುವ ಪಟ್ಟಿ ಇಲ್ಲಿ ಬರದೇ ಇರಬಹುದು. ಕಿಟಕಿ ಅಲುಗಾಡದೆ ನಿಂತರೆ ಕಾಪಿ ನಡೆಯುತ್ತಿದೆ ಎಂದುಕೊಳ್ಳಿ. ಆಫ್ ಮಾಡಬೇಡಿ, ಕಾಯಿರಿ. ಒಂದೇ ಸಲ ಎಲ್ಲ ತುಂಬಬೇಡಿ, ತೀರಾ ಮುಖ್ಯವಾದ ಫೋಲ್ಡರ್ ಮೊದಲು.

ಉಳಿದೆಲ್ಲ ಪ್ರಾಂಪ್ಟ್‌ಗಳಿಗೆ ಲೈವ್ ಲಿನಕ್ಸ್ ಒಳ್ಳೆಯದು. ಬೇರೆ ಕಂಪ್ಯೂಟರ್‌ನಲ್ಲಿ ಪೆನ್‌ಡ್ರೈವ್ ತಯಾರಿಸಿ, ಅದರಿಂದ ಬೂಟ್ ಮಾಡಿ, "ಟ್ರೈ" ಅಥವಾ "ಲೈವ್" ಎಂಬ ಆಯ್ಕೆ ಕೊಡಿ. "ಇನ್‌ಸ್ಟಾಲ್" ಒತ್ತಬೇಡಿ. ಮೆಷಿನ್ ತುಂಬಾ ಹಳೆಯದಾದರೆ 32 ಬಿಟ್‌ನ ಲಿನಕ್ಸ್ ಬೇಕಾಗುತ್ತದೆ. ಯುಎಸ್‌ಬಿಯಿಂದ ಬೂಟ್ ಆಗುವ ಸೌಲಭ್ಯವೇ ಇಲ್ಲದಿದ್ದರೆ ಡಿಸ್ಕ್ ಬಿಚ್ಚಿ, ಐಡಿಇ ಅಥವಾ ಸಾಟಾವನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಹಾಕಿ ಇನ್ನೊಂದು ಕಂಪ್ಯೂಟರ್‌ಗೆ ಸೇರಿಸಿ.

ಡ್ರೈವ್ ತೆರೆಯಲು 48 ಅಂಕಿಯ ರಿಕವರಿ ಕೀ ಕೇಳಿದರೆ ಅದು ಬಿಟ್‌ಲಾಕರ್, ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕಿದ ಬೀಗ. ಆ ಕೀ ಸಿಗುವವರೆಗೆ ಮುಂದಿನ ಯಾವ ಹಂತಕ್ಕೂ ಹೋಗಬೇಡಿ.

## ಹಂತ 6: ನಿಮ್ಮ ಪ್ರಾಂಪ್ಟ್‌ಗೆ ತಕ್ಕ ರಿಪೇರಿ

### 6-ಅ: ಸಿ:\> ಡಾಸ್ ಪ್ರಾಂಪ್ಟ್

ಮೊದಲು ಡಬ್ಲ್ಯು-ಐ-ಎನ್ ಎಂದು ಟೈಪ್ ಮಾಡಿ. ವಿಂಡೋಸ್ ಎದ್ದರೆ ತೊಂದರೆ ಸಣ್ಣದು. ಸಿ ಡ್ರೈವ್‌ನ ಎಂಎಸ್‌ಡಾಸ್.ಸಿಸ್ ಫೈಲ್‌ನಲ್ಲಿ "ಬೂಟ್‌ಜಿಯುಐ=0" ಎಂದಿದ್ದರೆ ಅದನ್ನು 1 ಮಾಡಿ. ಆ ಫೈಲ್ ಅಡಗಿರುತ್ತದೆ, ಬದಲಿಸಲೂ ಬಿಡುವುದಿಲ್ಲ. ಎ-ಟಿ-ಟಿ-ಆರ್-ಐ-ಬಿ ಕಮಾಂಡ್‌ನಿಂದ ಆರ್, ಎಚ್, ಎಸ್ ಗುಣಗಳನ್ನು ತೆಗೆದು ಆಮೇಲೆ ತಿದ್ದಿ.

ವಿಂಡೋಸ್ ಏಳದೆ ರಿಜಿಸ್ಟ್ರಿಯ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ಜಾಗ) ಬಗ್ಗೆ ದೂರು ಬಂದರೆ, ವಿಂಡೋಸ್ 98ರಲ್ಲಿ ಎಸ್-ಸಿ-ಎ-ಎನ್-ಆರ್-ಇ-ಜಿ /ಆರ್-ಇ-ಎಸ್-ಟಿ-ಒ-ಆರ್-ಇ ಹಾಕಿ. ಹಿಂದಿನ ದಿನಗಳ ರಿಜಿಸ್ಟ್ರಿ ಪ್ರತಿಗಳು ತಾರೀಖಿನ ಸಮೇತ ಕಾಣುತ್ತವೆ. ಮಾಮೂಲಿಯಾಗಿ ಐದು ಇರುತ್ತವೆ. ಕಂಪ್ಯೂಟರ್ ಚೆನ್ನಾಗಿ ನಡೆದ ಕೊನೆಯ ದಿನದ್ದನ್ನು ಆರಿಸಿ. "ಹೈಮೆಮ್.ಸಿಸ್" ಇಲ್ಲ ಎಂದು ಬಂದರೆ ವಿಂಡೋಸ್ ಫೋಲ್ಡರ್‌ನಲ್ಲಿ ಆ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಅದೇ ಆವೃತ್ತಿಯ ಬೂಟ್ ಫ್ಲಾಪಿಯಿಂದ ಕಾಪಿ ಮಾಡಿ.

ಎ:\> ಪ್ರಾಂಪ್ಟ್‌ನಲ್ಲಿ ಎಸ್-ವೈ-ಎಸ್ ಸಿ: ಕೊಡಲು ಹೇಳುವವರಿದ್ದಾರೆ. ಫ್ಲಾಪಿ ಮತ್ತು ಡಿಸ್ಕ್‌ನ ವಿಂಡೋಸ್ ಆವೃತ್ತಿ ಒಂದೇ ಆಗಿದ್ದರೆ ಮಾತ್ರ ಕೊಡಿ. ಎಕ್ಸ್‌ಪಿ ಅಥವಾ ಅದಕ್ಕಿಂತ ಹೊಸ ವಿಂಡೋಸ್ ಇರುವ ಡಿಸ್ಕ್‌ಗೆ ಖಂಡಿತ ಬೇಡ.

### 6-ಆ: ಎಕ್ಸ್‌ಪಿಯ ರಿಕವರಿ ಕನ್ಸೋಲ್

ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡ್ ಕೇಳುತ್ತದೆ. ಎಷ್ಟೋ ಮನೆ ಕಂಪ್ಯೂಟರ್‌ಗಳಲ್ಲಿ ಅದು ಖಾಲಿ, ಬರೀ ಎಂಟರ್ ಒತ್ತಿ ನೋಡಿ. ಸುಮ್ಮನೆ ಆಕಸ್ಮಿಕವಾಗಿ ಇಲ್ಲಿಗೆ ಬಂದಿದ್ದರೆ ಇ-ಎಕ್ಸ್-ಐ-ಟಿ ಸಾಕು. ಇಲ್ಲದಿದ್ದರೆ ಸಿ-ಎಚ್-ಕೆ-ಡಿ-ಎಸ್-ಕೆ /ಆರ್ ಮೊದಲು, ಎಫ್-ಐ-ಎಕ್ಸ್-ಬಿ-ಒ-ಒ-ಟಿ ಆಮೇಲೆ. ವಿಂಡೋಸ್ ಪಟ್ಟಿಯೇ ಹಾಳಾಗಿದ್ದರೆ ಬಿ-ಒ-ಒ-ಟಿ-ಸಿ-ಎಫ್-ಜಿ /ಆರ್-ಇ-ಬಿ-ಯು-ಐ-ಎಲ್-ಡಿ. "ಎನ್‌ಟಿಎಲ್‌ಡಿಆರ್" ಕಳೆದುಹೋಗಿದ್ದರೆ ಎಕ್ಸ್‌ಪಿ ಸಿಡಿಯ ಐ386 ಫೋಲ್ಡರ್‌ನಿಂದ ಎನ್‌ಟಿಎಲ್‌ಡಿಆರ್ ಮತ್ತು ಎನ್‌ಟಿಡಿಟೆಕ್ಟ್.ಕಾಮ್ ಎರಡನ್ನೂ ಸಿ ಡ್ರೈವ್‌ಗೆ ಕಾಪಿ ಮಾಡಿ.

### 6-ಇ: ಎಕ್ಸ್:\ ರಿಪೇರಿ ಪ್ರಾಂಪ್ಟ್

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ. ಒಂದು ಸಂಗತಿ ಅರ್ಥವಾದರೆ ಅರ್ಧ ಕೆಲಸ ಮುಗಿಯಿತು: ಎಕ್ಸ್ ಎಂಬುದು ನಿಮ್ಮ ಡಿಸ್ಕ್ ಅಲ್ಲ. ರ‍್ಯಾಮ್‌ನಲ್ಲಿ ತಾತ್ಕಾಲಿಕವಾಗಿ ಕಟ್ಟಿದ ಪುಟ್ಟ ವಿಂಡೋಸ್ ಅದು, ರೀಸ್ಟಾರ್ಟ್ ಆದರೆ ಇರುವುದಿಲ್ಲ. ಹಾಗಾಗಿ ಡ್ರೈವ್ ಹೆಸರು ಹೇಳದೆ ಚೆಕ್‌ಡಿಸ್ಕ್ ಕೊಟ್ಟರೆ "ರೈಟ್ ಪ್ರೊಟೆಕ್ಟೆಡ್" ಎಂಬ ಉತ್ತರ ಬರುತ್ತದೆ. ಡಿಸ್ಕ್ ಹಾಳಾಯಿತು ಅಂತ ಗಾಬರಿ ಬೇಡ. ತಪ್ಪು ಡ್ರೈವ್ ಕೇಳಿದ್ದೀರಿ, ಅಷ್ಟೇ.

ಮೊದಲು ಡ್ರೈವ್ ಅಕ್ಷರ ಹುಡುಕಿ. ಮಾಮೂಲಿ ದಿನಗಳಲ್ಲಿ ಸಿ ಆಗಿರುವುದು ಇಲ್ಲಿ ಡಿ ಅಥವಾ ಇ ಆಗಿರಬಹುದು. ವಿಂಡೋಸ್ 7ರಲ್ಲಿ 100 ಎಂಬಿಯ "ಸಿಸ್ಟಮ್ ರಿಸರ್ವ್ಡ್" ಭಾಗವೇ ಸಿ ಎಂಬ ಹೆಸರು ಹಿಡಿದು ಕೂತಿರುತ್ತದೆ. ಡಿ-ಐ-ಆರ್ ಸಿ:\ ಹಾಕಿ, ಆಮೇಲೆ ಡಿ-ಐ-ಆರ್ ಡಿ:\ ಹಾಕಿ. ಯಾವುದರಲ್ಲಿ ವಿಂಡೋಸ್, ಯೂಸರ್ಸ್, ಪ್ರೋಗ್ರಾಂ ಫೈಲ್ಸ್ ಮೂರೂ ಫೋಲ್ಡರ್ ಕಾಣುತ್ತವೋ ಅದೇ ನಿಮ್ಮದು. ಮುಂದೆ ನಾನು ಡಿ ಎಂದು ಬರೆದಿರುವಲ್ಲಿ ನಿಮ್ಮ ಅಕ್ಷರ ಹಾಕಿ.

ಎರಡನೆಯದು, ಫೈಲ್ ಸಿಸ್ಟಮ್, ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಟ್ಟ ವ್ಯವಸ್ಥೆ. ಸಿ-ಎಚ್-ಕೆ-ಡಿ-ಎಸ್-ಕೆ ಡಿ: ಎಂದು ಮಾತ್ರ ಕೊಡಿ. ಇದು ನೋಡುತ್ತದೆ, ಏನೂ ಬದಲಿಸುವುದಿಲ್ಲ. ತಪ್ಪು ಸಿಕ್ಕಿದೆ ಎಂದರೆ ಕೊನೆಗೆ /ಎಫ್ ಸೇರಿಸಿ ಮತ್ತೆ ಕೊಡಿ. /ಆರ್ ಎಂಬುದು ಡಿಸ್ಕ್‌ನ ಪ್ರತಿ ಜಾಗವನ್ನೂ ಓದುವ ಪರೀಕ್ಷೆ. ದೊಡ್ಡ ಹಳೆಯ ಡಿಸ್ಕ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಫೈಲ್ ಕಾಪಿ ಆಗಿದ್ದು, ಟಕ್ ಟಕ್ ಸದ್ದು ಇಲ್ಲದಿದ್ದರೆ ಮಾತ್ರ ಹಾಕಿ. ಶೇಕಡಾ ಅಂಕಿ ಒಂದೇ ಕಡೆ ನಿಂತಂತೆ ಕಂಡರೂ ನಡುವೆ ಆಫ್ ಮಾಡಬೇಡಿ.

ಮೂರನೆಯದು, ಬೂಟ್ ದಾರಿ. ಬಿ-ಒ-ಒ-ಟಿ-ಆರ್-ಇ-ಸಿ /ಎಸ್-ಸಿ-ಎ-ಎನ್-ಒ-ಎಸ್ ಹಾಕಿ, ವಿಂಡೋಸ್ ಕಣ್ಣಿಗೆ ಬೀಳುತ್ತದಾ ನೋಡಿ. ಆಮೇಲೆ ಅದೇ ಕಮಾಂಡ್‌ಗೆ /ಎಫ್-ಐ-ಎಕ್ಸ್-ಎಂ-ಬಿ-ಆರ್, ನಂತರ /ಎಫ್-ಐ-ಎಕ್ಸ್-ಬಿ-ಒ-ಒ-ಟಿ, ಕೊನೆಗೆ /ಆರ್-ಇ-ಬಿ-ಯು-ಐ-ಎಲ್-ಡಿ-ಬಿ-ಸಿ-ಡಿ. ಒಂದೇ ಡಿಸ್ಕ್‌ನಲ್ಲಿ ಲಿನಕ್ಸ್ ಕೂಡ ಇದ್ದರೆ ಫಿಕ್ಸ್‌ಎಂಬಿಆರ್ ಬೇಡ, ಗ್ರಬ್ ಮೆನು ಅಳಿದುಹೋಗುತ್ತದೆ. ವಿಂಡೋಸ್ 10ರಲ್ಲಿ ಫಿಕ್ಸ್‌ಬೂಟ್‌ಗೆ "ಆಕ್ಸೆಸ್ ಈಸ್ ಡಿನೈಡ್" ಎಂದು ಬರುವುದು ಆಗಾಗ ಕಾಣುತ್ತದೆ. ಆಗ ಬಿ-ಸಿ-ಡಿ-ಬಿ-ಒ-ಒ-ಟಿ ಡಿ:\ಡಬ್ಲ್ಯು-ಐ-ಎನ್-ಡಿ-ಒ-ಡಬ್ಲ್ಯು-ಎಸ್ ಕೊಟ್ಟು ನೋಡಿ.

ನಾಲ್ಕನೆಯದು, ಸಿಸ್ಟಮ್ ಫೈಲ್‌ಗಳು. ಎಸ್-ಎಫ್-ಸಿ /ಎಸ್-ಸಿ-ಎ-ಎನ್-ಎನ್-ಒ-ಡಬ್ಲ್ಯು ಎಂದಷ್ಟೇ ಇಲ್ಲಿ ಕೊಟ್ಟರೆ, ರಿಪೇರಿ ಬಾಕಿ ಇದೆ, ರೀಸ್ಟಾರ್ಟ್ ಮಾಡಿ ಎಂಬ ಸಂದೇಶ ಬರುತ್ತದೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ಅದೇ ಸಂದೇಶ. ಯಾವ ವಿಂಡೋಸ್ ಎಂದು ಹೇಳಬೇಕು: ಅದರ ಮುಂದೆ /ಒ-ಎಫ್-ಎಫ್-ಬಿ-ಒ-ಒ-ಟಿ-ಡಿ-ಐ-ಆರ್=ಡಿ:\ ಸೇರಿಸಿ, ಸ್ಪೇಸ್ ಬಿಟ್ಟು /ಒ-ಎಫ್-ಎಫ್-ಡಬ್ಲ್ಯು-ಐ-ಎನ್-ಡಿ-ಐ-ಆರ್=ಡಿ:\ಡಬ್ಲ್ಯು-ಐ-ಎನ್-ಡಿ-ಒ-ಡಬ್ಲ್ಯು-ಎಸ್ ಸೇರಿಸಿ.

"ರೆಗ್‌ಬ್ಯಾಕ್" ಫೋಲ್ಡರ್‌ನಿಂದ ರಿಜಿಸ್ಟ್ರಿ ಕಾಪಿ ಮಾಡುವ ಉಪಾಯ ವಿಂಡೋಸ್ 7ರಲ್ಲಿ ನಡೆಯುತ್ತದೆ. ವಿಂಡೋಸ್ 10ರ 1803 ಆವೃತ್ತಿಯಿಂದ ಮುಂದಕ್ಕೆ ಆ ಫೈಲ್‌ಗಳ ಸೈಜ್ ಸೊನ್ನೆ. ಸೊನ್ನೆ ಸೈಜಿನ ಫೈಲನ್ನು ನಿಜವಾದದ್ದರ ಮೇಲೆ ಹಾಕಿದರೆ ಇದ್ದ ರಿಜಿಸ್ಟ್ರಿಯೂ ಹೋಗುತ್ತದೆ. ಸೈಜ್ ನೋಡದೆ ಕಾಪಿ ಮಾಡಬೇಡಿ.

### 6-ಈ: ಸೇಫ್ ಮೋಡ್‌ನ ಕಪ್ಪು ಕಿಟಕಿ

ಇ-ಎಕ್ಸ್-ಪಿ-ಎಲ್-ಒ-ಆರ್-ಇ-ಆರ್ ಎಂದು ಟೈಪ್ ಮಾಡಿ, ಡೆಸ್ಕ್‌ಟಾಪ್ ಬರುತ್ತದೆ. ಆಮೇಲೆ ಎಂ-ಎಸ್-ಸಿ-ಒ-ಎನ್-ಎಫ್-ಐ-ಜಿ ಹಾಕಿ, "ಬೂಟ್" ಪುಟದಲ್ಲಿ "ಸೇಫ್ ಬೂಟ್" ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಎಷ್ಟೋ ಸಲ ತೊಂದರೆ ಇಷ್ಟೇ. ಯಾರೋ ಆ ಟಿಕ್ ಹಾಕಿ ತೆಗೆಯಲು ಮರೆತಿರುತ್ತಾರೆ.

ಸೇಫ್ ಮೋಡ್ ಎಂಬ ಬರಹ ಇಲ್ಲದೆಯೂ ಡೆಸ್ಕ್‌ಟಾಪ್ ಬದಲು ಕಪ್ಪು ಕಿಟಕಿ ಬಂದರೆ ವೈರಸ್ ಕೈವಾಡ ಇರಬಹುದು. ಆರ್-ಇ-ಜಿ-ಇ-ಡಿ-ಐ-ಟಿ ತೆರೆದು, ಎಚ್‌ಕೆಇವೈ ಲೋಕಲ್ ಮೆಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ವಿನ್‌ಲಾಗಾನ್ ಹೀಗೆ ಒಳಗೆ ಹೋಗಿ. "ಶೆಲ್" ಎಂಬುದರ ಮುಂದೆ ಎಕ್ಸ್‌ಪ್ಲೋರರ್.ಇಎಕ್ಸ್‌ಇ ಮಾತ್ರ ಇರಬೇಕು. ಬೇರೆ ಏನಿದ್ದರೂ ಫೋಟೋ ತೆಗೆದುಕೊಂಡು ಸರಿಮಾಡಿ, ಆಮೇಲೆ ಪೂರ್ತಿ ವೈರಸ್ ಸ್ಕ್ಯಾನ್ ಮಾಡಿ.

### 6-ಉ: ಲಿನಕ್ಸ್ ಪ್ರಾಂಪ್ಟ್‌ಗಳು

(ಇನಿಟ್‌ರಾಮ್‌ಎಫ್‌ಎಸ್) ಇದ್ದರೆ ಮೇಲಿನ ಸಾಲುಗಳಲ್ಲಿ ಯಾವ ಪಾರ್ಟಿಶನ್‌ಗೆ (ಡಿಸ್ಕ್‌ನ ಭಾಗಕ್ಕೆ) ಪರೀಕ್ಷೆ ಬೇಕು ಎಂದು ಬರೆದಿರುತ್ತದೆ. ಉದಾಹರಣೆಗೆ /ಡೆವ್/ಎಸ್‌ಡಿಎ1. ಎಫ್-ಎಸ್-ಸಿ-ಕೆ ಎಂದು ಹಾಕಿ, ಮುಂದೆ ಆ ಹೆಸರು ಕೊಟ್ಟು, ಮುಗಿದಮೇಲೆ ಇ-ಎಕ್ಸ್-ಐ-ಟಿ ಕೊಡಿ.

ಗ್ರಬ್ ರೆಸ್ಕ್ಯೂ ಬಂದಿದ್ದು, ಇತ್ತೀಚೆಗೆ ನೀವೇ ವಿಂಡೋಸ್‌ನಿಂದ ಲಿನಕ್ಸ್ ಪಾರ್ಟಿಶನ್ ಅಳಿಸಿದ್ದರೆ ಕಾರಣ ಅದೇ. ವಿಂಡೋಸ್ ಡಿಸ್ಕ್‌ನಿಂದ ಬೂಟ್ ಮಾಡಿ ಬೂಟ್‌ರೆಕ್‌ನ ಫಿಕ್ಸ್‌ಎಂಬಿಆರ್ (6-ಇ ನೋಡಿ) ಹಾಕಿದರೆ ಸಾಕು. ಲಿನಕ್ಸ್ ಇನ್ನೂ ಬೇಕು ಅಂದರೆ ಎಲ್-ಎಸ್ ಹಾಕಿ ಪಾರ್ಟಿಶನ್ ಪಟ್ಟಿ ತೆಗೆಯಿರಿ. /ಬೂಟ್/ಗ್ರಬ್ ಇರುವ ಪಾರ್ಟಿಶನ್ ಹುಡುಕಿ, ಎಸ್-ಇ-ಟಿ ಕಮಾಂಡ್‌ನಿಂದ ರೂಟ್ ಮತ್ತು ಪ್ರಿಫಿಕ್ಸ್‌ಗೆ ಅದನ್ನು ಕೊಡಿ. ಆಮೇಲೆ ಐ-ಎನ್-ಎಸ್-ಎಂ-ಒ-ಡಿ ಎನ್-ಒ-ಆರ್-ಎಂ-ಎ-ಎಲ್, ಕೊನೆಗೆ ಎನ್-ಒ-ಆರ್-ಎಂ-ಎ-ಎಲ್. ಒಳಗೆ ಹೋದಮೇಲೆ ಗ್ರಬ್ಬನ್ನು ಮತ್ತೆ ಇನ್‌ಸ್ಟಾಲ್ ಮಾಡಿ, ಇಲ್ಲದಿದ್ದರೆ ನಾಳೆ ಮತ್ತೆ ಇದೇ ಗತಿ.

"ಲಾಗಿನ್:" ಎಂದು ಹೆಸರು ಕೇಳಿ ನಿಂತಿದ್ದರೆ ಲಾಗಿನ್ ಆಗಿ ಡಿ-ಎಫ್ -ಎಚ್ ಹಾಕಿ. ಇಲ್ಲಿ ಎಚ್ ಮುಂದಿನ ಅಡ್ಡಗೆರೆಯನ್ನು ಒತ್ತಲೇಬೇಕು. ಡಿಸ್ಕ್ ನೂರಕ್ಕೆ ನೂರು ತುಂಬಿದ್ದರೆ ಡೆಸ್ಕ್‌ಟಾಪ್ ಏಳುವುದಿಲ್ಲ. ಸ್ವಲ್ಪ ಜಾಗ ಮಾಡಿಕೊಟ್ಟರೆ ತಾನಾಗಿ ಏಳುತ್ತದೆ.

## ಯಾವ ಪ್ರಾಂಪ್ಟ್‌ನಲ್ಲೂ ಟೈಪ್ ಮಾಡಬಾರದವು

ಫಾರ್ಮ್ಯಾಟ್, ಡಿಸ್ಕ್‌ಪಾರ್ಟ್ ಒಳಗಿನ ಕ್ಲೀನ್, ಎಫ್‌ಡಿಸ್ಕ್‌ನಲ್ಲಿ ಪಾರ್ಟಿಶನ್ ಅಳಿಸುವ ಆಯ್ಕೆ. ಈ ಮೂರೂ ರಿಪೇರಿ ಮಾಡುವುದಿಲ್ಲ, ಅಳಿಸುತ್ತವೆ. ಡಿಸ್ಕ್‌ಪಾರ್ಟ್‌ನಲ್ಲಿ ಎಲ್-ಐ-ಎಸ್-ಟಿ ವಿ-ಒ-ಎಲ್-ಯು-ಎಂ-ಇ ಹಾಕಿ ಪಟ್ಟಿ ನೋಡುವುದು ತಪ್ಪಲ್ಲ. ನೋಡಿದ ಕೂಡಲೇ ಇ-ಎಕ್ಸ್-ಐ-ಟಿ ಕೊಟ್ಟು ಹೊರಗೆ ಬನ್ನಿ.

ಒಂದು ಕಮಾಂಡ್ ಆದಮೇಲೆ ರೀಸ್ಟಾರ್ಟ್ ಮಾಡಿ ಫಲಿತಾಂಶ ನೋಡಿ, ಆಮೇಲೆ ಮುಂದಿನದು. ಐದು ಕಮಾಂಡ್ ಒಟ್ಟಿಗೆ ಹಾಕಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ಗೊತ್ತಾಗುವುದಿಲ್ಲ. ಬೂಟ್‌ರೆಕ್‌ನ ಸರಣಿ ಮತ್ತು ಗ್ರಬ್ ರೆಸ್ಕ್ಯೂನ ಸರಣಿ ಮಾತ್ರ ಒಟ್ಟಿಗೆ ನಡೆಯಲಿ.

## ಹಂತ 7: ಸರಿಯಾಯಿತು ಅಂದುಕೊಳ್ಳುವ ಮೊದಲು

ಡೆಸ್ಕ್‌ಟಾಪ್ ಬಂದ ಕೂಡಲೇ ಉಳಿದ ಫೈಲ್‌ಗಳನ್ನೂ ಕಾಪಿ ಮಾಡಿ. ಆಮೇಲೆ ಪೂರ್ತಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಅರ್ಧ ಗಂಟೆ ಬಿಟ್ಟು ಆನ್ ಮಾಡಿ. ರೀಸ್ಟಾರ್ಟ್‌ನಲ್ಲಿ ಚೆನ್ನಾಗಿ ಎದ್ದು, ತಣ್ಣಗಾದ ಮೇಲೆ ಏಳದ ಮೆಷಿನ್‌ಗಳಿವೆ. ಹಾಗಾದರೆ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್‌ನ ಕೆಪಾಸಿಟರ್ ಕಡೆ ನೋಡಿ. ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿ ಇರಬೇಕು. ಉಬ್ಬಿದ್ದರೆ ಅಥವಾ ಕಂದು ಅಂಟು ಸೋರಿದ್ದರೆ ಬೋರ್ಡ್‌ನದೇ ತೊಂದರೆ.

ಪ್ಲಗ್ ಕಿತ್ತು ಹಾಕಿದ ಮೇಲೂ ತಾರೀಖು ಸರಿಯಾಗಿ ಉಳಿದಿದೆಯಾ ನೋಡಿ. ಚೆಕ್‌ಡಿಸ್ಕ್ ಕೆಟ್ಟ ಸೆಕ್ಟರ್‌ಗಳ ಲೆಕ್ಕ ಕೊಟ್ಟಿದ್ದರೆ ಅದನ್ನು ಬರೆದಿಡಿ. ಒಂದು ವಾರ ಬಿಟ್ಟು ಮತ್ತೆ ನೋಡಿದಾಗ ಆ ಲೆಕ್ಕ ಏರಿದ್ದರೆ ಆ ಡಿಸ್ಕನ್ನು ಇನ್ನು ನಂಬಬೇಡಿ, ಬದಲಿಸಿ.

ಇಷ್ಟಾದರೂ ಏಳಲಿಲ್ಲವೇ? ರಿಪೇರಿಯವರ ಹತ್ತಿರ ಒಯ್ಯುವಾಗ ಮೊದಲ ಹಂತದ ಫೋಟೋ, ಬಯಾಸ್ ಪುಟಗಳ ಫೋಟೋ, ನೀವು ಹಾಕಿದ ಕಮಾಂಡ್‌ಗಳ ಪಟ್ಟಿ ಜೊತೆಗಿರಲಿ. "ಡಿಸ್ಕ್‌ನಲ್ಲಿರುವುದು ಬೇಕು, ನನ್ನನ್ನು ಕೇಳದೆ ಫಾರ್ಮ್ಯಾಟ್ ಮಾಡಬೇಡಿ" ಎಂದು ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಮೇಲೆ ಅಂಟಿಸಿ ಕೊಡಿ.